ಸತ್ಸಂಗವೂ ಪಾನವ್ಯಸನದ ವಿಮೋಚನೆಯೂ

ಶರಣಮಾರ್ಗದಲ್ಲಿ ಸಂಗಕ್ಕಿರುವ ಸ್ಥಾನವು ಅತ್ಯಂತ ಹಿರಿದಾದುದು. ಏಕಾಂತದಲ್ಲಿ ಲಿಂಗಪೂಜೆಯನ್ನು ಮಾಡುವ ಭಕ್ತನೂ ಶರಣರ ಮುಂದೆ ಬಂದು ನಿಲ್ಲಲೇಬೇಕು. ತನ್ನ ಅಂತರಂಗದ ಕುಂದನ್ನು ಅವರೆದುರು ತೆರೆದಿಡಬೇಕು. ಬಸವಣ್ಣನವರ ವಚನಗಳನ್ನು ಪಾರಾಯಣ ಮಾಡಿದವರು ಬಲ್ಲರು, ಅಲ್ಲಿ ತಮ್ಮ ದೋಷದ ನಿವೇದನೆ ಎಷ್ಟಿದೆಯೆಂಬುದನ್ನು. ಅದನ್ನು ಕೇವಲ ಕವಿಯ ವಿನಯವೆಂದು ಬಗೆಯುವುದು ಸಲ್ಲದು. ದೋಷವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಅದರ ಹಿಡಿತದಿಂದ ಪಾರಾಗುವ ಮೊದಲ ಸಾಧನ. ಮದ್ಯಪಾನಕ್ಕೆ ಸಿಲುಕಿದ ಗೃಹಸ್ಥನಿಗೆ ಈ ತತ್ತ್ವವು ಬೇಕಾದಷ್ಟು ಮತ್ತಾರಿಗೂ ಬೇಕಾಗಿರಲಾರದು.

ಚಳ್ಳಕೆರೆಯ ಸೀಮೆಯಲ್ಲಿ ಅಂತಹ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮಳೆಯನ್ನು ನಂಬಿ ಶೇಂಗಾ ಬಿತ್ತುವವನು. ಕಾಯಿ ಮಾರಿದ ಹಣವು ಮನೆಯನ್ನು ಸೇರುವ ಮೊದಲೇ ಹೆಂಡದಂಗಡಿಯನ್ನು ಸೇರುತ್ತದೆ. ಮೊಳಕಾಲ್ಮುರಿನವನಾದರೆ ರೇಷ್ಮೆ ಸೀರೆಯ ಮಗ್ಗದಲ್ಲಿ ಕುಳಿತವನಾಗಿರಬಹುದು. ಬೆಳಗಿನಲ್ಲಿ ಕೈ ನಡುಗಿದರೆ ಎಳೆಯು ಮಾತು ಕೇಳದು. ಅವನು ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ರಥದ ಮುಂದೆ ನಿಂತು ಇನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡುತ್ತಾನೆ. ಯುಗಾದಿಯ ಹೊತ್ತಿಗೆ ಪ್ರತಿಜ್ಞೆ ಮುರಿದಿರುತ್ತದೆ. ಮನೆಯವರು ಅವನನ್ನು ಸುಳ್ಳುಗಾರನೆನ್ನುತ್ತಾರೆ. ಆದರೆ ಆಡಿದ ಗಳಿಗೆಯಲ್ಲಿ ಅವನು ಸತ್ಯವನ್ನೇ ಆಡಿದ್ದನು. ಆ ಸತ್ಯವನ್ನು ಕಾಯುವವರು ಅವನ ಸುತ್ತ ಇರಲಿಲ್ಲ. ಸಂಜೆಯಾದರೆ ಕರೆಯುವವರು ಮಾತ್ರ ಇದ್ದರು. ಅದರ ಮೇಲೆ ಲಿಂಗವಂತರ ಮನೆಯಲ್ಲಿ ಕುಡಿತವೇ ಎಂಬ ಲಜ್ಜೆ ಬೇರೆ. ಹೆಂಡತಿ ತವರಿಗೆ ತಿಳಿಸಳು, ತಾಯಿ ನೆರೆಯವರಿಗೆ ತಿಳಿಸಳು. ಹೀಗೆ ಮುಚ್ಚಿಟ್ಟ ರೋಗವು ಬೆಳೆಯುತ್ತದೆ.

ಶರಣರು ಹೀಗೆ ಮುಚ್ಚಿಡಲಿಲ್ಲ. ಹೆಂಡದ ಮಾರಯ್ಯನವರ ಕಾಯಕವೇ ಹೆಂಡದ ಮಾರಾಟ. ಅನುಭಾವಿಗಳ ಸಾಲಿಗೆ ಸೇರಿದ ಮೇಲೂ ಅವರ ಹೆಸರಿನ ಮೊದಲ ಪದವನ್ನು ಯಾರೂ ಅಳಿಸಲಿಲ್ಲ. ತಮ್ಮ ವೃತ್ತಿಯ ಪರಿಭಾಷೆಯಲ್ಲಿಯೇ ಅವರು ತತ್ತ್ವವನ್ನು ನುಡಿದರು.

ಈ ಮಾತಿಗೆ ದೂರದೇಶದ ಒಂದು ವೃತ್ತಾಂತವು ಪುಷ್ಟಿಯನ್ನು ಕೊಡುತ್ತದೆ. 1935ರ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಸ್ಥನು ಅಮೆರಿಕಾದ ಅಕ್ರನ್ ಎಂಬ ಪಟ್ಟಣದ ಹೋಟೆಲೊಂದರಲ್ಲಿ ಒಂಟಿಯಾಗಿ ನಿಂತಿದ್ದನು. ಕುಡಿತವನ್ನು ಬಿಟ್ಟು ಕೆಲವು ತಿಂಗಳುಗಳಾಗಿದ್ದವು. ಬಂದ ವ್ಯವಹಾರ ಕೆಟ್ಟಿತ್ತು. ಒಂದು ಕಡೆ ಪಾನಗೃಹ, ಇನ್ನೊಂದು ಕಡೆ ದೂರವಾಣಿ. ತನ್ನಂತೆಯೇ ಕುಡಿತದಿಂದ ನರಳುವ ಮತ್ತೊಬ್ಬನೊಡನೆ ಮಾತನಾಡದಿದ್ದರೆ ತಾನು ಉಳಿಯೆನೆಂದು ಅವನಿಗೆ ಹೊಳೆಯಿತು. ಚರ್ಚುಗಳ ಪಟ್ಟಿಯನ್ನು ನೋಡಿ ಪಾದ್ರಿಯೊಬ್ಬರಿಗೆ ದೂರವಾಣಿ ಮಾಡಿದನು. ಆತನು ಕೊಟ್ಟ ಹೆಸರುಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋಗಿ ಕೊನೆಗೆ ಒಬ್ಬ ಮಹಿಳೆಯ ಮೂಲಕ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ವೈದ್ಯನು ಕಾಲು ಗಂಟೆ ಮಾತ್ರ ಕೊಡುವೆನೆಂದು ಬಂದವನು. ಇಬ್ಬರೂ ತಾಸುಗಟ್ಟಲೆ ಕುಳಿತರು. ಅದೇ ವರ್ಷದ ಜೂನ್ 10ರ ಬಳಿಕ ವೈದ್ಯನು ಮದ್ಯವನ್ನು ಮುಟ್ಟಲಿಲ್ಲ. ಅಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಆ ದಿನವನ್ನೇ ತನ್ನ ಹುಟ್ಟುದಿನವೆಂದು ಎಣಿಸುತ್ತದೆ.

ವೈದ್ಯನಿಗೆ ಕುಡಿತದ ಕೇಡು ತಿಳಿಯದೆ ಇತ್ತೇ? ಶಾಸ್ತ್ರಜ್ಞಾನವು ಅವನನ್ನು ಬಿಡಿಸಲಿಲ್ಲ, ಸಮದುಃಖಿಯ ಮಾತು ಬಿಡಿಸಿತು. ಉಪದೇಶ ಮಾಡುವವರಿಗೆ ಇದು ತುಸು ಕಹಿಯಾದ ಸಂಗತಿಯೇ ಸರಿ.

ಆ ಸಂಘದ ಸಭೆಯಲ್ಲಿ ಶುಲ್ಕವಿಲ್ಲ, ಕುಲಗೋತ್ರಗಳ ವಿಚಾರಣೆಯಿಲ್ಲ. ಮನೆತನದ ಹೆಸರನ್ನು ಹೇಳಬೇಕಾಗಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಒಬ್ಬನು ತನ್ನ ಕಥೆಯನ್ನು ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ಮೊದಲ ದಿನ ಸುಮ್ಮನೆ ಕುಳಿತು ಎದ್ದು ಬಂದರೂ ಆಕ್ಷೇಪಣೆಯಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವುಂಟು. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರವನ್ನು ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಶಿಬಿರಕ್ಕಿಂತ ಆಮೇಲಿನ ಈ ಕೂಟವೇ ಮುಖ್ಯವೆಂದು ತಿಳಿಯಬೇಕು.

ಮಠಗಳೂ ಸುಮ್ಮನಿರಲಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಕಾಳು ಕಡಿ ಹಾಕುವುದು ರೂಢಿ. ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಕೇರಿಕೇರಿಗೂ ಹೋಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬಹುಕಾಲ ನಿತ್ಯವೂ ಅತಿಯಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಬೆವರು, ಮೂರ್ಛೆ, ಭ್ರಾಂತಿಗಳು ಉಂಟಾಗಬಹುದು; ಪ್ರಾಣಾಪಾಯವೂ ಉಂಟು. ಅಂಥವನನ್ನು ಹರಕೆಯ ಹೆಸರಿನಲ್ಲಿ ಕೋಣೆಯೊಳಗೆ ಕೂಡಿಹಾಕಬಾರದು. ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಔಷಧ ಪಡೆದು, ಬಳಿಕ ಸಭೆಗೆ ಕರೆದೊಯ್ಯಬೇಕು. ಸಭೆ ಎಲ್ಲಿದೆಯೆಂದು ತಿಳಿಯದವರು ಅಲ್ಲಿಯೇ ವಿಚಾರಿಸಬಹುದು; 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯನ್ನೂ, 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನೂ ಶುಲ್ಕವಿಲ್ಲದೆ ಕೇಳಬಹುದು. ಹೆಂಡತಿಯೇ ಕೇಳಿದರೂ ಆಗುತ್ತದೆ.

ಸಮೀಪದಲ್ಲಿ ಸಭೆಯೇ ಇಲ್ಲದಿದ್ದರೆ? ಅಕ್ರನ್ನಿನಲ್ಲಿ ಮೊದಲು ಕುಳಿತವರು ಇಬ್ಬರೇ. ಕುಡಿತವನ್ನು ಬಿಟ್ಟು ವರ್ಷವಾದವನೊಬ್ಬನು, ಬಿಡಬೇಕೆಂಬವನೊಬ್ಬನು, ಊರ ಮಠದಲ್ಲಿ ವಾರಕ್ಕೊಂದು ದಿನ ಒಂದು ಕೋಣೆ, ಹಾಸಲು ಒಂದು ಜಮಖಾನೆ. ಯಾರು ಬಂದರು, ಏನು ಹೇಳಿದರು ಎಂಬುದು ಆ ಹೊಸ್ತಿಲನ್ನು ದಾಟಬಾರದು. ಹೊತ್ತು ಮಾತ್ರ ದೀಪ ಹಚ್ಚುವ ಹೊತ್ತೇ ಆಗಿರಲಿ. ಕಾಲು ಅಂಗಡಿಯ ಕಡೆಗೆ ತಿರುಗುವುದು ಆಗಲೇ.