ಸಾಕ್ಷಿ ನಿಂತ ಜಾಗ

ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳಿದ್ದು ಅವರ ಮಾತು ಒಂದಕ್ಕೊಂದು ಹೊಂದದಿದ್ದರೆ, ಇಬ್ಬರಲ್ಲಿ ಒಬ್ಬ ಸುಳ್ಳುಗಾರನೆಂದು ತೀರ್ಮಾನಿಸುವುದು ನಮಗೆ ರೂಢಿಯಾಗಿದೆ. ಈ ರೂಢಿ ಎಷ್ಟರಮಟ್ಟಿಗೆ ನ್ಯಾಯವಾದುದು?

ಕಡೂರು ತಾಲ್ಲೂಕಿನ ಯಗಟಿಯಂಥ ಹೋಬಳಿ ಊರಿಗೆ ರೈತನೊಬ್ಬ ಪಹಣಿಗಾಗಿ ಬಂದಿದ್ದಾನೆ ಎಂದಿಟ್ಟುಕೊಳ್ಳೋಣ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ‘ಸರ್ವರ್ ಇಲ್ಲ’ ಎನ್ನುತ್ತಾನೆ. ಸರ್ವರ್ ನೋಡಿಕೊಳ್ಳುವವರು ‘ನಮ್ಮಲ್ಲಿ ಎಲ್ಲವೂ ಸರಿಯಾಗಿದೆ, ನಿಮ್ಮ ಕೋರಿಕೆಯೇ ಬಂದಿಲ್ಲ’ ಎನ್ನುತ್ತಾರೆ. ಬಸ್ಸಿನ ಹಣ ತೆತ್ತು ಬಂದ ರೈತನ ಕಣ್ಣಿಗೆ ಬೀಳುವವನು ಆ ಹುಡುಗನೊಬ್ಬನೇ. ಬೈಗುಳವೂ ಅವನ ಪಾಲಿಗೇ.

ಇಂಥ ವ್ಯಾಜ್ಯವನ್ನು ಬಗೆಹರಿಸಲು ಸಾಧನಗಳಿವೆ. ತಂತಿಯ ಮೇಲಿನ ಮಾಹಿತಿ ಫ್ರೇಮ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಆ ಕಟ್ಟುಗಳ ನಕಲು ಹಿಡಿದು ಬಿಡಿಸಿ ತೋರಿಸುವ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು, 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದು, 2006ರಿಂದ ವೈರ್‌ಶಾರ್ಕ್ ಎನಿಸಿಕೊಂಡದ್ದು. ಕಳಿಸಿದ ಕಡೆಯ ನಕಲನ್ನೂ ತಲುಪಬೇಕಾದ ಕಡೆಯ ನಕಲನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಇಲ್ಲಿ ಹೊರಟ ಕಟ್ಟು ಅಲ್ಲಿ ಕಾಣದಿದ್ದರೆ, ಅದು ನಡುದಾರಿಯಲ್ಲಿ ಕಳೆದುಹೋಗಿರುವ ಸಂಭವವುಂಟು. ಆಗ ಇಬ್ಬರ ಮಾತೂ ನಿಜ.

ಆದರೆ ತಾಳೆ ನೋಡುವುದು ತೋರುವಷ್ಟು ಸುಲಭವಲ್ಲ. ಮಾಹಿತಿ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಕಟ್ಟಿನೊಳಗೆ ಚೆಕ್‌ಸಮ್ ಎಂಬ ಲೆಕ್ಕವಿರುತ್ತದೆ. ಈಗಿನ ಅನೇಕ ಯಂತ್ರಗಳಲ್ಲಿ ಈ ಲೆಕ್ಕವನ್ನು ಕಟ್ಟಕಡೆಯಲ್ಲಿ ತುಂಬುವುದು ನೆಟ್‌ವರ್ಕ್ ಕಾರ್ಡು. ಅದೇ ಯಂತ್ರದಲ್ಲಿ ಕುಳಿತ ವೈರ್‌ಶಾರ್ಕ್ ಅದಕ್ಕೂ ಮೊದಲೇ ನಕಲು ಹಿಡಿದಿರುತ್ತದೆ. ಹೀಗಾಗಿ ಕಳಿಸಿದ ಕಡೆ ತಪ್ಪೆಂದು ಕಾಣುವ ಕಟ್ಟು ತಲುಪಿದ ಕಡೆ ನಿರ್ದೋಷಿಯಾಗಿರುತ್ತದೆ. ಸಾಮಾನ್ಯ ಈಥರ್ನೆಟ್ ಕಟ್ಟು 1500 ಬೈಟ್‌ಗಿಂತ ಹೆಚ್ಚಿನ ಹೊರೆ ಹೊರುವುದಿಲ್ಲ. ಆದರೂ ಕಳಿಸಿದವನ ನಕಲಿನಲ್ಲಿ ಅದಕ್ಕಿಂತ ಬಹು ದೊಡ್ಡ ಕಟ್ಟು ಕಾಣಬಹುದು, ಏಕೆಂದರೆ ಕಾರ್ಡು ಅದನ್ನು ತುಂಡರಿಸುವುದು ಆಮೇಲೆ. ಇನ್ನು ಎರಡು ಯಂತ್ರಗಳ ಗಡಿಯಾರಗಳು ಹೊಂದದಿದ್ದರಂತೂ, ಹೊರಡುವ ಮೊದಲೇ ಕಟ್ಟು ತಲುಪಿದಂತೆ ತೋರೀತು! ಇಲ್ಲಿ ಯಾರೂ ಸುಳ್ಳಾಡಿಲ್ಲ. ಸಾಕ್ಷಿ ನಿಂತ ಜಾಗ ಬೇರೆ, ಅಷ್ಟೆ.

ಹಳೆಯ ಓಲೆಗರಿಗಳನ್ನು ಬಲ್ಲವರಿಗೆ ಈ ಪಾಡು ಹೊಸದಲ್ಲ. ಇದೇ ತಾಲ್ಲೂಕಿನ ದೇವನೂರಿನವನೆಂದು ನಾವು ನಂಬಿರುವ ಲಕ್ಷ್ಮೀಶನ ಕಾವ್ಯವೇ ಆಗಲಿ, ಮತ್ತೊಬ್ಬರದೇ ಆಗಲಿ, ಪ್ರತಿಯಿಂದ ಪ್ರತಿಗೆ ಪಾಠಾಂತರ ಇದ್ದದ್ದೇ. ಒಳ್ಳೆಯ ಸಂಪಾದಕ ಒಂದು ಪಾಠವನ್ನು ತಳ್ಳಿಹಾಕುವ ಮೊದಲು, ಈ ಪ್ರತಿ ಎಲ್ಲಿಯದು, ಯಾವುದನ್ನು ನೋಡಿ ಬರೆದದ್ದು ಎಂದು ವಿಚಾರಿಸುತ್ತಾನೆ. ಗರಿಗೆ ತೋರುವ ಈ ಸೌಜನ್ಯವನ್ನು ನಾವು ಮನುಷ್ಯನಿಗೆ ತೋರುವುದು ಅಪರೂಪ.

ಹಾಗೆಂದ ಮಾತ್ರಕ್ಕೆ ಸುಳ್ಳೆಂಬುದೇ ಇಲ್ಲವೆಂದಾಗಲಿಲ್ಲ. ಸರ್ವರ್ ಕೆಲಸ ಮಾಡುತ್ತಿದ್ದಾಗಲೂ ‘ಇಲ್ಲ’ ಎಂದು ಸಾಗಹಾಕುವವರಿದ್ದಾರೆ. ತಮ್ಮ ಕಡೆಯ ನಕಲನ್ನು ತೋರಿಸದೆಯೇ ‘ಸರಿಯಾಗಿದೆ’ ಎನ್ನುವವರೂ ಇದ್ದಾರೆ. ಅವರನ್ನು ಹಿಡಿಯುವುದಕ್ಕೂ ತಾಳೆ ನೋಡಲೇಬೇಕು, ಅದಕ್ಕೆ ಎರಡೂ ಕಡೆಯ ನಕಲು ಬೇಕು. ರೈತನ ಕೈಯಲ್ಲಿ ಎರಡೂ ಇಲ್ಲ. ಹುಡುಗನ ಬಳಿ ಹೆಚ್ಚೆಂದರೆ ಒಂದು. ಎರಡನ್ನೂ ತರಿಸಿ ನೋಡುವ ಅಧಿಕಾರ ಯಾರಿಗಿದೆಯೋ, ನೋಡಬೇಕಾದ ಹೊಣೆಯೂ ಅವರದೇ. ಅವರು ನೋಡದಿದ್ದರೆ ರೈತ ಬರಿಗೈಯಲ್ಲಿ ಊರಿಗೆ ಮರಳುತ್ತಾನೆ, ಹುಡುಗ ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾನೆ.