ಗುಂಪಿನ ನಡುವೆಯೋ, ಗುಂಪಿನಿಂದ ಆಚೆಗೋ?



ಕಳೆದ ವರ್ಷದ ಮೇ ತಿಂಗಳು. ಆದಿತ್ಯವಾರದ ಬಲಿಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ ಸಕ್ರಿಸ್ತಿಯ ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದರು. ಅವರ ಕೈ ಹಿಡಿದುಕೊಂಡಿದ್ದವನು ಏಳು ವರ್ಷದ ಮಗ. ಮಾತು ತಡವಾಗಿ ಬಂದ, ಗದ್ದಲವಾದರೆ ಎರಡೂ ಕಿವಿ ಮುಚ್ಚಿಕೊಳ್ಳುವ ಆ ಬಾಲಕನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದರು. “ಫಾದರ್, ಇವನನ್ನು ಅಕ್ಕನ ಶಾಲೆಗೇ ಕಳಿಸಬೇಕೆಂದು ನನ್ನ ಆಸೆ. ಇವನ ಅಪ್ಪ ವಿಶೇಷ ಶಾಲೆಯೇ ಸರಿ ಎನ್ನುತ್ತಾರೆ. ಯಾವ ಶಾಲೆಯೂ ಬೇಡ, ಮನೆಯಲ್ಲಿರಲಿ ಎಂದು ಅತ್ತೆಯವರು ಹೇಳುತ್ತಾರೆ. ಯಾವುದು ಸರಿ, ನೀವೇ ಹೇಳಿ” ಎಂದರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಲು ಸಂಕೋಚವಾಯಿತು. ಅದರ ಕಾರಣವನ್ನು ನಿಮ್ಮಲ್ಲಿ ಹೇಳಿಕೊಳ್ಳಬೇಕು.

ಹಲವು ವರ್ಷಗಳ ಹಿಂದೆ ನಾನು ಒಂದು ಶಾಲೆಯ ಸಂಚಾಲಕನಾಗಿದ್ದೆ. ದಾಖಲಾತಿಯ ದಿನಗಳಲ್ಲಿ ಒಬ್ಬ ತಂದೆ ಮಗಳನ್ನು ಎತ್ತಿಕೊಂಡು ಕಚೇರಿಗೆ ಬಂದರು. ಆಕೆಗೆ ನಡೆಯಲು ಆಧಾರ ಬೇಕಿತ್ತು, ಮಾತು ಅಸ್ಪಷ್ಟವಾಗಿತ್ತು. “ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ನಿಮ್ಮ ಮಗುವಿನ ಒಳಿತಿಗಾಗಿಯೇ ಹೇಳುತ್ತಿದ್ದೇನೆ, ವಿಶೇಷ ಶಾಲೆಗೆ ಸೇರಿಸಿ” ಎಂದೆ. ಅವರು ವಾದಿಸಲಿಲ್ಲ; ವಂದಿಸಿ ಹೊರಟುಹೋದರು. ನನ್ನ ಸಲಹೆ ತಪ್ಪೇ ಆಗಿತ್ತೆಂದು ಹೇಳಲಾರೆ. ಆದರೆ ಅದನ್ನು ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಆ ಮಗುವಿನ ಒಳಿತಲ್ಲ. ಶಾಲೆಯ ಫಲಿತಾಂಶ, ಶಿಕ್ಷಕಿಯರ ಗೊಣಗಾಟ, ಇತರ ಪೋಷಕರ ಆಕ್ಷೇಪ. ಒಳ್ಳೆಯ ಕಾರ್ಯವೂ ಕೆಟ್ಟ ಉದ್ದೇಶದಿಂದ ಕೆಡುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದನ್ನು ಸೆಮಿನರಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆ ದಿನ ಅದು ನೆನಪಿಗೆ ಬರಲಿಲ್ಲ. ಆ ಹುಡುಗಿಯ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ಶಾಲೆಯ ಆಯ್ಕೆಯಲ್ಲಿ ಪೋಷಕರೂ ಇದೇ ಅಪಾಯಕ್ಕೆ ಒಳಗಾಗುತ್ತಾರೆ. ಮಗುವಿನ ಸ್ಥಿತಿಯನ್ನು ಒಪ್ಪಿಕೊಳ್ಳಲಾರದೆ, ನೆಂಟರ ಎದುರು ತಲೆತಗ್ಗಿಸಬಾರದೆಂದು, ಸಾಮಾನ್ಯ ಶಾಲೆಯನ್ನೇ ಹಟದಿಂದ ಹಿಡಿಯುವವರಿದ್ದಾರೆ. ಮಗು ಕಣ್ಣಿಗೆ ಬೀಳದಿದ್ದರೆ ಸಾಕೆಂದು ದೂರದ ವಸತಿಶಾಲೆಗೆ ಬಿಟ್ಟುಬರುವವರೂ ಇದ್ದಾರೆ. ಅದೇ ಎರಡು ಆಯ್ಕೆಗಳನ್ನು ನಿಜವಾದ ಪ್ರೀತಿಯಿಂದ ಮಾಡಿದವರನ್ನೂ ನಾನು ಬಲ್ಲೆ. ಆದುದರಿಂದ ಯಾವ ಶಾಲೆ ಎಂದು ಕೇಳುವ ಮೊದಲು, ಯಾರಿಗಾಗಿ ಆರಿಸುತ್ತಿದ್ದೇನೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಈ ದೃಷ್ಟಿಯಿಂದ ಸಂತ ಮಾರ್ಕನ ಶುಭಸಂದೇಶವನ್ನು ಓದಿ ನೋಡಿ. ಮೂರನೆಯ ಅಧ್ಯಾಯದಲ್ಲಿ ಕೈ ಬತ್ತಿಹೋದ ಒಬ್ಬ ಮನುಷ್ಯ ಪ್ರಾರ್ಥನಾಮಂದಿರದಲ್ಲಿದ್ದಾನೆ. ಯೇಸುಸ್ವಾಮಿ ಅವನನ್ನು ಎಲ್ಲರ ನಡುವೆ ಬಂದು ನಿಲ್ಲುವಂತೆ ಕರೆಯುತ್ತಾರೆ. ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲು ಮಾತಿನವನೂ ಆದ ಒಬ್ಬನನ್ನು ಜನರು ಕರೆತರುತ್ತಾರೆ. ಅವನನ್ನು ಮಾತ್ರ ಯೇಸು ಗುಂಪಿನಿಂದ ಆಚೆಗೆ ಒಬ್ಬನನ್ನೇ ಕರೆದೊಯ್ಯುತ್ತಾರೆ. ಕಿವಿಯನ್ನೂ ನಾಲಿಗೆಯನ್ನೂ ಮುಟ್ಟುತ್ತಾರೆ. ಸ್ವಾಮಿ ಒಬ್ಬರೇ, ಪ್ರೀತಿಯೂ ಒಂದೇ. ಆದರೂ ಒಬ್ಬನಿಗೆ ಗುಂಪಿನ ನಡುವೆ, ಇನ್ನೊಬ್ಬನಿಗೆ ಗುಂಪಿನಿಂದ ಆಚೆ. ಕಿವಿ ಕೇಳದವನಿಗೆ ಗದ್ದಲದ ನಡುವೆ ಏನು ಅರ್ಥವಾದೀತು? ಅವನಿಗೆ ಬೇಕಾದದ್ದು ಸ್ಪರ್ಶ, ಸನ್ನೆ, ಏಕಾಂತ. ಹತ್ತನೆಯ ಅಧ್ಯಾಯದ ಕುರುಡ ಬಾರ್ತಿಮಾಯನ ಬಳಿಯಂತೂ, ನಿನಗೆ ಏನು ಮಾಡಬೇಕೆಂದು ಬಯಸುತ್ತೀ ಎಂದು ಸ್ವಾಮಿ ಮೊದಲು ವಿಚಾರಿಸುತ್ತಾರೆ.

ಆದರೆ ಇನ್ನೊಂದು ಅಂಶವನ್ನು ಮರೆಯಬಾರದು. ಆಚೆಗೆ ಕರೆದೊಯ್ದ ಆ ಕಿವುಡನನ್ನು ಸ್ವಾಮಿ ಅಲ್ಲಿಯೇ ಬಿಡಲಿಲ್ಲ. ಅವನ ನಾಲಿಗೆ ಸಡಿಲಗೊಂಡು ಅವನು ಸ್ಪಷ್ಟವಾಗಿ ಮಾತನಾಡತೊಡಗಿದ. ಮಾತು ಇರುವುದು ಜನರೊಡನೆ ಬಾಳಲಿಕ್ಕಲ್ಲವೇ? ವಿಶೇಷ ಶಾಲೆಯ ನ್ಯಾಯವೂ ಇಲ್ಲಿಯೇ ಇದೆ. ಮರಳಿ ಜನರ ನಡುವೆ ಬಾಳಲು ಸಿದ್ಧಪಡಿಸುವ ಪ್ರತ್ಯೇಕತೆ ಉಪಕಾರ. ಮರಳುವ ದಾರಿಯನ್ನೇ ಮುಚ್ಚುವ ಪ್ರತ್ಯೇಕತೆ ಬಹಿಷ್ಕಾರ.

ಲೂಯಿ ಬ್ರೈಲ್‌ರ ಬಾಲ್ಯ ಇದಕ್ಕೆ ಒಳ್ಳೆಯ ದೃಷ್ಟಾಂತ. 1809ರಲ್ಲಿ ಫ್ರಾನ್ಸಿನ ಕೂಪ್‌ವ್ರೇ ಗ್ರಾಮದಲ್ಲಿ ಕುದುರೆ ಜೀನು ತಯಾರಿಸುವವನ ಮಗನಾಗಿ ಹುಟ್ಟಿದ ಈತ ಮೂರನೆಯ ವಯಸ್ಸಿನಲ್ಲಿ ತಂದೆಯ ಕಾರ್ಯಾಗಾರದಲ್ಲಿ ಗಾಯಗೊಂಡು ಕ್ರಮೇಣ ದೃಷ್ಟಿ ಕಳೆದುಕೊಂಡ. ಊರಿನ ಧರ್ಮಗುರು ಪಾಲ್ಯೂಯಿ ಹುಡುಗನಿಗೆ ತಾವೇ ಪಾಠ ಹೇಳಿ, ಗ್ರಾಮದ ಶಾಲೆಗೂ ಸೇರಿಸಿದರು. ದೃಷ್ಟಿಯುಳ್ಳ ಮಕ್ಕಳ ಜೊತೆ ಕುಳಿತು ಕೇಳಿ ಕಲಿತ ಲೂಯಿ ಜಾಣನೆನಿಸಿಕೊಂಡ. ಆದರೆ ಓದುವುದು ಬರೆಯುವುದು ಅಲ್ಲಿ ಸಾಧ್ಯವಾಗಲಿಲ್ಲ. 1819ರಲ್ಲಿ, ಹತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿ ರೂಪುಗೊಂಡ ಆರು ಚುಕ್ಕಿಗಳ ಲಿಪಿ 1829ರಲ್ಲಿ ಪ್ರಕಟವಾಯಿತು. ಇಂದು ಕನ್ನಡವನ್ನೂ ಅದೇ ಲಿಪಿಯಲ್ಲಿ ಬೆರಳಿನಿಂದ ಓದುತ್ತಾರೆ. ಊರಿನ ಶಾಲೆಯೂ ವಿಶೇಷ ಶಾಲೆಯೂ ಆ ಬಾಲಕನಿಗೆ ತಮ್ಮ ತಮ್ಮ ಕಾಲದಲ್ಲಿ ಬೇಕಾದದ್ದನ್ನು ಕೊಟ್ಟವು.

ನಮ್ಮ ಮಂಗಳೂರು ಈ ವಿಷಯದಲ್ಲಿ ಭಾಗ್ಯಶಾಲಿ ನಗರ. ಬೆಂದೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1970ರಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆಯನ್ನು ಆರಂಭಿಸಿದರು. ಇಂಥ ಮಕ್ಕಳನ್ನು ಮನೆಯ ಒಳಕೋಣೆಯಲ್ಲಿಡುವುದು ವಾಡಿಕೆಯಾಗಿದ್ದ ಕಾಲವದು. ಶಕ್ತಿನಗರದ ಸಾನಿಧ್ಯ, ಸೇವಾಭಾರತಿಯ ಚೇತನಾ, ರೋಮನ್ ಮತ್ತು ಕ್ಯಾಥರಿನ್ ಲೋಬೋ ಅಂಧರ ಶಾಲೆ, ನೆರೆಯ ಉಡುಪಿ ಜಿಲ್ಲೆಯ ಪಾಂಬೂರಿನ ಮಾನಸ ಇವೆಲ್ಲ ಜಾತಿಮತಗಳ ಗಡಿ ದಾಟಿ ಬೆಳೆದ ಸೇವೆಯ ಹೆಸರುಗಳು. ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಾರದ ಮಕ್ಕಳೂ ನಮ್ಮಲ್ಲಿದ್ದಾರೆ. ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಕೊಕ್ಕಡದ ಆಸುಪಾಸಿನಲ್ಲಿ ಹಾಸಿಗೆಯಲ್ಲೇ ಬೆಳೆದ ಮಕ್ಕಳನ್ನು ಕಂಡವರು ಬಲ್ಲರು, ಅಲ್ಲಿ ತಾಯಿಯ ಮಡಿಲೇ ಶಾಲೆ.

ಕಾನೂನು ಕೂಡ ಇಂದು ಪೋಷಕರ ಪರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿದಂತೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಶೇಕಡಾ 40 ಅಥವಾ ಹೆಚ್ಚಿನ ನ್ಯೂನತೆಯಿದೆಯೆಂದು ಪ್ರಮಾಣಪತ್ರ ಪಡೆದ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ, ಆಯ್ಕೆ ಮಗುವಿನದು. ಸರಕಾರದ ಅನುದಾನ ಅಥವಾ ಮಾನ್ಯತೆಯಿರುವ ಶಾಲೆಗಳು ನ್ಯೂನತೆಯ ಕಾರಣದಿಂದ ಭೇದ ಮಾಡದೆ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಇನ್ನು ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಒಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ಅದು ಹೇಗೆ ಇತ್ಯರ್ಥವಾದರೂ ನಮಗೆ ಇನ್ನೊಂದು ನ್ಯಾಯಪೀಠವಿದೆ. ಕಾಯ್ದೆಯಿಂದ ವಿನಾಯಿತಿ ಸಿಕ್ಕೀತು, ಶುಭಸಂದೇಶದಿಂದ ಸಿಗದು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಹೊರಟ ಕುರುಬನ ಹೆಸರಿನಲ್ಲಿ ಶಾಲೆ ನಡೆಸುವವರು, ಆ ಒಂದು ಕುರಿಯಿಂದ ಫಲಿತಾಂಶ ಕುಸಿಯುತ್ತದೆ ಎನ್ನಬಹುದೇ?

ಪೋಷಕರೇ, ನಿಮಗೆ ಕೆಲವು ಮಾತು. ಕಟ್ಟಡವನ್ನೂ ಜಾಹೀರಾತನ್ನೂ ನೋಡಿ ಶಾಲೆಯನ್ನು ಆರಿಸಬೇಡಿ. ಮಗುವಿನೊಡನೆ ಅರ್ಧ ದಿನ ಅಲ್ಲಿ ಕುಳಿತು ನೋಡಿ. ಶಿಕ್ಷಕಿ ಮಗುವಿನ ಬಗ್ಗೆ ನಿಮ್ಮನ್ನು ಮಾತ್ರ ಕೇಳುತ್ತಾರೋ, ಮಗುವಿನೊಡನೆಯೂ ಮಾತನಾಡುತ್ತಾರೋ ಗಮನಿಸಿ. ತರಬೇತಿ ಪಡೆದ ವಿಶೇಷ ಶಿಕ್ಷಕಿ ಇದ್ದಾರೆಯೇ, ಮಾತಿನ ಚಿಕಿತ್ಸೆಗೆ ಅನುಕೂಲವಿದೆಯೇ, ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ, ಬಿಡುವಿನ ವೇಳೆಯಲ್ಲಿ ಮಗು ಯಾರ ಜೊತೆ ಇರುತ್ತದೆ ಎಂದು ನಾಚಿಕೆಯಿಲ್ಲದೆ ವಿಚಾರಿಸಿ. ಸಾಮಾನ್ಯ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂಡಿಸಿ ಮರೆತುಬಿಡುವುದು ಸಮನ್ವಯ ಶಿಕ್ಷಣವಲ್ಲ. ಮಾತಿನಲ್ಲಿ ಹೇಳಲಾರದ ಮಗುವೂ ಬೆಳಗ್ಗೆ ಚೀಲ ಕಂಡಾಗಿನ ಮುಖದಿಂದ, ಸಂಜೆಯ ನಿದ್ದೆಯಿಂದ ತನ್ನ ಅಭಿಪ್ರಾಯ ತಿಳಿಸುತ್ತದೆ. ಒಮ್ಮೆ ಮಾಡಿದ ಆಯ್ಕೆ ವಿವಾಹದ ವಾಗ್ದಾನವಲ್ಲ, ವರ್ಷಕ್ಕೊಮ್ಮೆ ಮರುಪರಿಶೀಲಿಸಿ.

ಆ ತಾಯಿಗೂ ನಾನು ಇಷ್ಟನ್ನೇ ಹೇಳಿದೆ. ಅವರು ಮೂರು ಶಾಲೆಗಳಲ್ಲಿ ಕುಳಿತು ನೋಡಿದರು. ಹುಡುಗ ಈಗ ವಿಶೇಷ ಶಾಲೆಗೆ ಹೋಗುತ್ತಿದ್ದಾನೆ. ಆದಿತ್ಯವಾರ ಮಾತ್ರ ಅಕ್ಕನ ಜೊತೆ ನಮ್ಮ ಚರ್ಚಿನ ಧರ್ಮೋಪದೇಶದ ತರಗತಿಯಲ್ಲಿ ಕುಳಿತುಕೊಳ್ಳುತ್ತಾನೆ. ಅವನಿಗಾಗಿ ಧ್ವನಿವರ್ಧಕದ ಸದ್ದು ತಗ್ಗಿಸಿದ್ದೇವೆ. ಕೆಲವರು ಕೇಳಿಸುವುದಿಲ್ಲವೆಂದು ದೂರಿದರು, ಅವರಿಗೆ ಮುಂದಿನ ಬೆಂಚುಗಳು ಖಾಲಿ ಇವೆಯೆಂದು ಹೇಳಿದೆ. ಒಂದೊಂದು ದಿನ ಅವನು ಪೂಜೆಯ ನಡುವೆ ಕೂಗುತ್ತಾನೆ. ಆಗ ತಿರುಗಿ ನೋಡುವ ನಮ್ಮ ಕಣ್ಣುಗಳೂ ಆ ತಾಯಿಗೆ ಒಂದು ಶಾಲೆಯ ಬಾಗಿಲಿನಂತೆಯೇ, ತೆರೆಯಲೂಬಹುದು, ಮುಚ್ಚಲೂಬಹುದು.

ಅಂದು ನಾನು ಹಿಂದೆ ಕಳುಹಿಸಿದ ಹುಡುಗಿ ಎಲ್ಲಿ ಕಲಿತಳೋ, ಕಲಿತಳೋ ಇಲ್ಲವೋ, ನನಗೆ ತಿಳಿಯದು. ಹೆಸರು ಗೊತ್ತಿಲ್ಲದ ಅವಳಿಗಾಗಿ ಪ್ರಾರ್ಥಿಸುತ್ತಿದ್ದೇನೆ. ನಿಮ್ಮ ವಾರ್ಡಿನಲ್ಲಿಯೂ ಇಂಥ ಒಂದು ಮಗು ಇದ್ದೀತು. ದಯವಿಟ್ಟು ಅದರ ಹೆಸರನ್ನು ಕೇಳಿ ತಿಳಿದುಕೊಳ್ಳಿ.