ಅಳಿದ ಅಂಕೆ, ಅಳಿದ ಅಕ್ಷರ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ವಿದ್ಯುದ್ಯಂತ್ರಗಳ ಅಂಗಡಿಯಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ಕಳೆದ ಬೇಸಿಗೆಯಲ್ಲಿ ಸಿಂದಗಿಯ ರಿಪೇರಿ ಅಂಗಡಿಯೊಂದರ ಬೆಂಚಿನ ಮೇಲೆ ಕುಳಿತಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಎದ್ದು ಬರುವ ಹೊತ್ತಿಗೆ ನನ್ನ ಕಸುಬಿನ ಪಾಠವೊಂದನ್ನು ಅಲ್ಲಿ ಕಲಿತಿದ್ದೆ.

ಇಂಡಿ ತಾಲ್ಲೂಕಿನಲ್ಲಿ ನನ್ನ ತಮ್ಮನಿಗೆ ಲಿಂಬೆಯ ತೋಟವಿದೆ. ನೀರಿಗೆ ಕೊಳವೆಬಾವಿಯೊಂದೇ ಆಧಾರ. ಗುಡುಗು ಸಿಡಿಲಿನ ಒಂದು ರಾತ್ರಿ ಪಂಪಿನ ಪೆಟ್ಟಿಗೆಯೊಳಗಿನ ಬೋರ್ಡು ಸುಟ್ಟಿತು. ಬಾವಿ ಬತ್ತಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಕಾವಲುಗಾರ ಅದು. ನೀರಿಲ್ಲದೆ ಓಡಿದರೆ ಮೋಟಾರು ಬೆಂದುಹೋಗುತ್ತದೆ. ಅದನ್ನು ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಗಿಡಗಳು ಒಣಗುತ್ತವೆ. ಸಿಂದಗಿಯಲ್ಲಿ ರಿಪೇರಿಯ ಹುಡುಗನೊಬ್ಬ ಜಾಣನಿದ್ದಾನೆಂದು ಕೇಳಿ ತಮ್ಮ ಬೋರ್ಡನ್ನು ನನ್ನ ಕೈಗೆ ಕೊಟ್ಟ.

ಈಗಿನ ಬೋರ್ಡುಗಳ ಬಿಡಿಭಾಗಗಳು ಎಳ್ಳಿನ ಕಾಳಿಗಿಂತ ಚಿಕ್ಕವೂ ಇರುತ್ತವೆ. ಕಾಲು ತೂರಿಸಲು ತೂತಿಲ್ಲ. ಹಲಗೆಯ ಮೇಲ್ಮೈಗೇ ಬೆಸುಗೆ. ರೆಸಿಸ್ಟರಾದರೆ ಬೆನ್ನ ಮೇಲೆ ಮೂರಂಕೆ: ೧೫೧ ಎಂದರೆ ೧೫ರ ಮುಂದೆ ಒಂದು ಸೊನ್ನೆ, ೧೫೦ ಓಮ್; ೪೭೨ ಎಂದರೆ ೪೭ರ ಮುಂದೆ ಎರಡು ಸೊನ್ನೆ, ೪೭೦೦ ಓಮ್. ಕಂದು ಬಣ್ಣದ ಕೆಪ್ಯಾಸಿಟರುಗಳ ಮೇಲೆ ಸಾಮಾನ್ಯವಾಗಿ ಏನನ್ನೂ ಬರೆದಿರುವುದಿಲ್ಲ. ಮೂರು ಕಾಲಿನ ಕರಿಯ ತುಣುಕಿನ ಗುರುತನ್ನೂ ಪೂರ್ತಿ ನಂಬುವಂತಿಲ್ಲ; ಒಂದೇ ಗುರುತನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ವಸ್ತುವಿಗೆ ಇಟ್ಟಿರುವುದುಂಟು.

ನಮ್ಮ ಬೋರ್ಡಿನಲ್ಲಿ ಎರಡು ತುಣುಕುಗಳು ಗುರುತು ಸಿಗದಂತೆ ಸುಟ್ಟಿದ್ದವು. ಹುಡುಗ ಬ್ರಷ್ಷಿನಿಂದ ಮಸಿ ತೊಳೆದು, ಭೂತಗನ್ನಡಿ ಹಿಡಿದು, ಮೊದಲನೆಯದರ ನೆರೆಹೊರೆಯನ್ನು ವಿಚಾರಿಸತೊಡಗಿದ. ಮೀಟರಿನ ಮುಳ್ಳು ಚುಚ್ಚಿ ನೋಡಿದರೆ ಒಂದು ಕಾಲು ಗ್ರೌಂಡಿಗೆ, ಇನ್ನೊಂದು ರೆಸಿಸ್ಟರಿನ ಮೂಲಕ ಮುಖ್ಯ ಚಿಪ್ಪಿಗೆ, ಮೂರನೆಯದು ರಿಲೇಯ ಸುರುಳಿಗೆ. ‘ಇದು ರಿಲೇ ಎಳಿಯೂ ಟ್ರಾನ್ಸಿಸ್ಟರ್ ಐತ್ರಿ ಸರ್. ಇದರ ಜೋಡಿ ಅಲ್ಲೇ ಬಾಜೂಕ ಕುಂತೈತಿ ನೋಡ್ರಿ’ ಎಂದ. ಎರಡನೆಯ ರಿಲೇಯ ಬಳಿ ಅದೇ ತುಣುಕು ಮುಕ್ಕಾಗದೆ ಇತ್ತು. ಹೆಸರು ಸಿಕ್ಕಿತು.

ನನಗೆ ರೋಮಾಂಚನವಾಯಿತು. ಇದು ನಮ್ಮ ಗ್ರಂಥಸಂಪಾದನೆಯೇ ಅಲ್ಲವೇ? ಹುಳು ತಿಂದ ಓಲೆಯಲ್ಲಿ ಒಂದು ಪದ ಹೋದರೆ ಹಿಂದುಮುಂದಿನ ಪದಗಳನ್ನು ಕೇಳುತ್ತೇವೆ, ಛಂದಸ್ಸನ್ನು ಕೇಳುತ್ತೇವೆ, ಕೊನೆಗೆ ಇನ್ನೊಂದು ಪ್ರತಿಯನ್ನು ಹುಡುಕುತ್ತೇವೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಊರೂರಿನಿಂದ ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಒಂದು ಓಲೆ ಕಳೆದುಕೊಂಡದ್ದನ್ನು ಇನ್ನೊಂದು ಓಲೆ ಹೇಳಬಲ್ಲದೆಂಬ ಭರವಸೆಯೇ ಅಂಥವರ ದುಡಿಮೆಗೆ ಬಲ.

ಎರಡನೆಯ ತುಣುಕಿಗೆ ಜೋಡಿ ಇರಲಿಲ್ಲ. ನೀರೆತ್ತುವ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಒಣಗಿ ಓಡುವುದು ಕಡಿಮೆ ಎಳೆಯುತ್ತದೆ. ಅದನ್ನು ಅಳೆಯುವ ಹಾದಿಯಲ್ಲಿ ಕುಳಿತ ರೆಸಿಸ್ಟರು ಅದು. ಬೆನ್ನ ಮೇಲಿನ ಅಂಕೆ ಇದ್ದಿಲಾಗಿತ್ತು. ಹುಡುಗ ಬಹಳ ಹೊತ್ತು ನೋಡಿ, ‘ಇದು ಎಷ್ಟರದಂತ ನನಗ ಗೊತ್ತಿಲ್ರಿ’ ಎಂದ. ತಮ್ಮನ ಗಿಡಗಳು ನನ್ನ ಕಣ್ಣ ಮುಂದಿದ್ದವು. ಸುತ್ತಲಿನ ಅದೇ ಗಾತ್ರದ ತುಣುಕುಗಳ ಮೇಲೆಲ್ಲ ೧೫೧ ಎಂದಿತ್ತು. ‘ಇದೂ ಅದೇ ಇರಬೇಕು, ಹಾಕಿಬಿಡು’ ಎಂದು ಒತ್ತಾಯಿಸಿದೆ.

‘ಹಾಕಿದ್ರ ಮೋಟಾರ್ ಓಡತೈತ್ರಿ ಸರ್, ನೀವೂ ಖುಷಿಯಾಗಿ ಹೋಗ್ತೀರಿ. ಬಾವ್ಯಾಗ ನೀರ ನಿಂತಾಗ ಇದು ಬಂದ್ ಮಾಡ್ಲಿಲ್ಲಂದ್ರ? ಅವತ್ತ ಅಲ್ಲಿ ನಾನೂ ಇರೂದಿಲ್ಲ, ನೀವೂ ಇರೂದಿಲ್ಲ.’

ಈ ಮಾತು ನನ್ನನ್ನು ಹಳೆಯ ನೆನಪೊಂದರ ಮುಂದೆ ನಿಲ್ಲಿಸಿತು. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಹಳಗನ್ನಡದ ಒಂದು ಪದ್ಯ ಹೇಳುತ್ತಿದ್ದೆ. ಅಕ್ಷರಗಳು ಅಳಿದ ಕಡೆ ಸಂಪಾದಕರು ಚುಕ್ಕೆ ಇಟ್ಟು ಬಿಟ್ಟಿದ್ದರು. ನಾನು ಮೂರಕ್ಷರ ಹೊಂದಿಸಿದೆ. ಗಣ ಕೂಡಿತು, ಪ್ರಾಸ ಕೂಡಿತು, ಅರ್ಥವೂ ಚೆಲುವಾಗಿತ್ತು. ಅದು ನನ್ನ ಊಹೆಯೆಂದು ಮಾತ್ರ ಹೇಳಲಿಲ್ಲ. ಅಂದು ಮುಂದಿನ ಬೆಂಚಿನಲ್ಲಿದ್ದ ಹುಡುಗಿ ಈಗ ಮುದ್ದೇಬಿಹಾಳದಲ್ಲಿ ಶಿಕ್ಷಕಿ. ಆ ಪದ್ಯವನ್ನು ತನ್ನ ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತೇನೆಂದು ಒಮ್ಮೆ ಸಂತೋಷದಿಂದ ತಿಳಿಸಿದ್ದಳು. ನಾನೂ ಸಂತೋಷಪಟ್ಟಿದ್ದೆ!

ಊಹೆಯಿಲ್ಲದೆ ಬಾಳು ಸಾಗದು. ಒಕ್ಕಲಿಗ ಊಹಿಸಿಯೇ ಬಿತ್ತುತ್ತಾನೆ. ವೈದ್ಯನೂ ಎಷ್ಟೋ ಸಲ ಊಹಿಸಿಯೇ ಮದ್ದು ಕೊಡುತ್ತಾನೆ. ಹುಡುಗನೂ ಮೊದಲನೆಯ ತುಣುಕನ್ನು ಊಹಿಸಿದ, ಆಮೇಲೆ ಜೋಡಿಗೆ ಹೋಲಿಸಿ ಖಚಿತಪಡಿಸಿಕೊಂಡ. ದೋಷ ಹುಟ್ಟುವುದು ಊಹೆಯ ಮೇಲಿನ ಗುರುತನ್ನು ನಾವು ಅಳಿಸಿದಾಗ. ನನ್ನ ಹೊಲಕ್ಕೆ ನಾನು ಊಹಿಸಿದರೆ ನಷ್ಟ ನನ್ನದು. ಇನ್ನೊಬ್ಬನಿಗಾಗಿ ಊಹಿಸಿ, ಅದನ್ನು ತಿಳಿವೆಂದು ಕೊಟ್ಟರೆ ಅವನಿಗೆ ಅರಿವಿಲ್ಲದೆಯೇ ನಷ್ಟದ ಪತ್ರಕ್ಕೆ ಅವನ ರುಜು ಹಾಕಿಸಿದಂತೆ. ಕೂಡಲೇ ಕೆಡುವ ತಪ್ಪು ಊಹೆ ಅಷ್ಟು ಭಯಂಕರವಲ್ಲ, ಅದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಓಡುವ ಮೋಟಾರು, ಗಣ ಕೂಡಿದ ಪದ್ಯ, ಇವುಗಳೊಳಗಿನ ತಪ್ಪು ಬಹುಕಾಲ ಗೌರವದಿಂದ ಬಾಳುತ್ತದೆ. ಶಾಸನಗಳನ್ನು ಅಚ್ಚು ಮಾಡಿದ ವಿದ್ವಾಂಸರು ಕಲ್ಲು ಸವೆದ ಕಡೆ ಚುಕ್ಕೆ ಇಟ್ಟದ್ದು, ತಾವು ತುಂಬಿದ್ದನ್ನು ಕಂಸದೊಳಗಿಟ್ಟದ್ದು ಇದಕ್ಕಾಗಿಯೇ. ಆ ಕಂಸ ಅವರ ವಿದ್ವತ್ತಿನ ಕೊರತೆಯಲ್ಲ. ಮುಂದೆ ಬರುವ ಓದುಗನಿಗೆ ತೋರಿದ ಮರ್ಯಾದೆ.

ಹುಡುಗ ಟ್ರಾನ್ಸಿಸ್ಟರು ಹಾಕಿ, ಇನ್ನೊಂದರ ಜಾಗವನ್ನು ಖಾಲಿ ಬಿಟ್ಟ. ‘ಅಂಥಾದ್ದೇ ಬೋರ್ಡ್ ಸಿಗೂತನಕ ಮೋಟಾರ್ ಕೈಲೇ ಚಾಲು ಮಾಡಿ, ಕೈಲೇ ಬಂದ್ ಮಾಡ್ರಿ’ ಎಂದ. ತಮ್ಮ ಹನ್ನೊಂದು ರಾತ್ರಿ ಬಾವಿಯ ಬಳಿ ಹೊರಸು ಹಾಕಿ ಮಲಗಿದ. ನನ್ನನ್ನೂ ಆ ಹುಡುಗನನ್ನೂ ಬೈಯ್ದ. ಎರಡು ಸಲ ನೀರು ನಿಂತಾಗ ತಾನೇ ಎದ್ದು ಗುಂಡಿ ಒತ್ತಿದ. ಕೊನೆಗೆ ಬಸವನ ಬಾಗೇವಾಡಿಯ ಬಳಗದವರೊಬ್ಬರ ಪಂಪಿನಲ್ಲಿ ಅದೇ ಬೋರ್ಡು ಸಿಕ್ಕಿತು. ಅದರ ಬೆನ್ನ ಮೇಲೆ ೧೦೧ ಎಂದಿತ್ತು, ೧೦೦ ಓಮ್. ನನ್ನ ೧೫೧ ಹಾಕಿದ್ದರೆ ಬೋರ್ಡು ಕರೆಂಟನ್ನು ಒಂದೂವರೆಪಟ್ಟು ಹೆಚ್ಚಾಗಿ ಓದಿ, ಬತ್ತಿದ ಬಾವಿಯಲ್ಲೂ ನೀರಿದೆಯೆಂದು ನಂಬುತ್ತಿತ್ತು.

ಆ ರಾತ್ರಿಯೇ ಮುದ್ದೇಬಿಹಾಳಕ್ಕೊಂದು ಪತ್ರ ಬರೆದೆ. ಆಮೇಲೆ ನನ್ನ ಪುಸ್ತಕ ತೆರೆದೆ. ಚುಕ್ಕೆಗಳ ಮೇಲೆ ಪೆನ್ಸಿಲಿನಿಂದ ಬರೆದ ಆ ಮೂರಕ್ಷರ ಹಾಗೆಯೇ ಇದ್ದವು. ಅಳಿಸಲಿಲ್ಲ. ಸುತ್ತ ಒಂದು ಕಂಸ ಹಾಕಿ, ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟೆ.